ಬೆಳಗಿನ ಬಿಗಿತಕ್ಕೆ ಎಂಟು ಗಂಟೆಯ ಟೋಕನ್: ಅಮ್ಮನನ್ನು ತೋರಿಸುತ್ತಿರುವ ರುಮಟಾಲಜಿ ಕ್ಲಿನಿಕ್ ಬಗ್ಗೆ

ಕೀಲು, ಸ್ನಾಯುಗಳ ಉರಿಯೂತದ ಕಾಯಿಲೆ ನೋಡುವ ಬೆಂಗಳೂರಿನ ಈ ರುಮಟಾಲಜಿ ಕ್ಲಿನಿಕ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಲು ಶುರು ಮಾಡಿ 19 ತಿಂಗಳಾಯಿತು. ಹೆಸರು ಹಾಕುತ್ತಿಲ್ಲ, ಯಾಕೆಂದರೆ ದೂರುಗಳೂ ಇವೆ, ಅವನ್ನು ಅವರ ಮುಂದೆಯೇ ಹೇಳಿದ್ದೇನೆ. ಮನೆಯಲ್ಲಿ ವಯಸ್ಸಾದವರಿಗೆ ಇಂಥ ಕಾಯಿಲೆ ಬಂದರೆ ಕ್ಲಿನಿಕ್‌ನಲ್ಲಿ ಏನು ನೋಡಬೇಕು ಎನ್ನುವುದಷ್ಟೇ ನನಗೆ ಹೇಳಬೇಕಾಗಿದೆ.

ಅಮ್ಮನಿಗೆ ಆಗ 71. ಇರುವುದು ತಿಪಟೂರಿನಲ್ಲಿ. ಗೌರಿ ಹಬ್ಬ ಮುಗಿದ ಮೇಲೆ ಎರಡೂ ಹೆಗಲು ಹಿಡಿದುಕೊಂಡವು. ಒಂದು ವಾರದಲ್ಲಿ ಸೊಂಟ, ತೊಡೆ ಕೂಡ. ಬೆಳಿಗ್ಗೆ ಏಳುವುದೇ ದೊಡ್ಡ ಕೆಲಸ. ಮಗ್ಗುಲು ಬದಲಿಸಲು ಆಗುತ್ತಿರಲಿಲ್ಲ, ತಲೆ ಬಾಚಲು ಕೈ ಮೇಲೆ ಹೋಗುತ್ತಿರಲಿಲ್ಲ, ಮುದ್ದೆ ತಿರುವುವ ಮಾತಂತೂ ಬಿಡಿ. ಹತ್ತೂವರೆ ಹನ್ನೊಂದಾದ ಮೇಲೆ ಸ್ವಲ್ಪ ಸಡಿಲ. ಮಧ್ಯಾಹ್ನ ಬಂದವರಿಗೆ ಚೆನ್ನಾಗಿಯೇ ಕಾಣುತ್ತಿದ್ದರು. ಹಾಗಾಗಿ ನೆಂಟರಲ್ಲಿ ಒಂದಿಬ್ಬರು, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಅಷ್ಟೇ, ಅಂದರು. ಆ ಮಾತು ಅಮ್ಮನಿಗೆ ನೋವಿಗಿಂತ ಜಾಸ್ತಿ ಚುಚ್ಚಿತು.

2006ರಲ್ಲಿ ನಮ್ಮ ರಾಜ್ಯದ ತುಂಬ ಚಿಕುನ್‌ಗುನ್ಯಾ ಬಂದಿತ್ತಲ್ಲ, ಆಗ ಅಮ್ಮನಿಗೂ ಬಂದಿತ್ತು. ಕೀಲು ನೋವು ಆರು ತಿಂಗಳು ಎಳೆದಾಡಿತ್ತು. ಅದಕ್ಕೇ ಈ ಸಲವೂ ಎಲ್ಲರದ್ದೂ ಒಂದೇ ಮಾತು, ಹಳೆಯ ಚಿಕುನ್‌ಗುನ್ಯಾ ಮತ್ತೆ ಎದ್ದಿದೆ ಅಂತ. ಒಬ್ಬ ಡಾಕ್ಟರು ನೋವಿನ ಇಂಜೆಕ್ಷನ್ ಕೊಟ್ಟರು. ಇನ್ನೊಬ್ಬರು ಕತ್ತಿನ ಎಕ್ಸ್‌ರೇ ತೆಗೆಸಿ ಸ್ಪಾಂಡಿಲೋಸಿಸ್ ಅಂದರು. ಮತ್ತೊಬ್ಬರು ಫ್ರೋಜನ್ ಶೋಲ್ಡರ್ ಅಂದು ಫಿಸಿಯೋಥೆರಪಿಗೆ ಕಳಿಸಿದರು. ಎರಡೂ ಹೆಗಲು ಒಂದೇ ವಾರದಲ್ಲಿ ಹಿಡಿದುಕೊಂಡಿವೆ, ತೊಡೆಯೂ ಸೇರಿದೆ, ಐದು ಕಿಲೋ ತೂಕ ಇಳಿದಿದೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಮೂರು ತಿಂಗಳು ಹೀಗೇ ಹೋಯಿತು. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಇಎಸ್‌ಆರ್ ಅಂತ, ಮೈಯಲ್ಲಿ ಉರಿಯೂತ ಇದೆಯಾ ಎಂದು ತೋರಿಸುವ ರಕ್ತ ಪರೀಕ್ಷೆ ಮಾಡಿಸಿದರು, 92 ಬಂತು. ವಯಸ್ಸಾದಂತೆ ಇಎಸ್‌ಆರ್ ಸ್ವಲ್ಪ ಏರುತ್ತದೆ, ಈ ವಯಸ್ಸಿನ ಹೆಂಗಸಿಗೆ 40ರ ತನಕ ಇದ್ದರೂ ಗಾಬರಿ ಬೇಡ, ಆದರೆ 92 ಸುಮ್ನೆ ಬರುವುದಿಲ್ಲ, ಬೆಂಗಳೂರಿನಲ್ಲಿ ರುಮಟಾಲಜಿಸ್ಟ್‌ಗೆ ತೋರಿಸಿ ಅಂದರು. ಅವರಿಗೆ ನಾನು ಜೀವನಪೂರ್ತಿ ಋಣಿ.

ಈಗ ಕ್ಲಿನಿಕ್ ವಿಷಯ. ಮೊದಲ ದಿನದ ಟೋಕನ್ ಬೆಳಿಗ್ಗೆ 8:15ಕ್ಕೆ. ಇದು ನನ್ನ ಮೊದಲ ದೂರು, ಇವತ್ತಿಗೂ ದೂರು. ಬೆಳಿಗ್ಗೆ ಮೈ ಬಿಗಿಯುವ ಕಾಯಿಲೆಯವರೇ ಬರುವ ಜಾಗ ಇದು. ಅವರಿಗೆ ಎಂಟು ಗಂಟೆಗೆ ಬನ್ನಿ ಅಂದರೆ ಐದಕ್ಕೆ ಏಳಬೇಕು, ಸ್ನಾನ ಮಾಡಿಸಬೇಕು, ಸೀರೆ ಉಡಿಸಬೇಕು, ಒಂದೊಂದಕ್ಕೂ ಅರ್ಧ ಗಂಟೆ. ಅದರ ಮೇಲೆ ಕ್ಲಿನಿಕ್ ಇರುವುದು ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಮೆಟ್ಟಿಲಿಗೆ ಒಂದೇ ಕಡೆ ಹಿಡಿಕೆ. ಮೇಲೆ ಹೋದರೆ ಕೂರಲು ತಗ್ಗಾದ, ಕೈ ಇಲ್ಲದ ಸೋಫಾ. ತೊಡೆ ಹಿಡಿದುಕೊಂಡವರು ಅದರಿಂದ ಹೇಗೆ ಏಳಬೇಕು? ಅಮ್ಮ ಒಂದೂವರೆ ಗಂಟೆ ನಿಂತೇ ಇದ್ದರು, ಕೂತರೆ ಏಳಲು ಆಗಲ್ಲ ಅಂತ.

ಒಳಗೆ ಹೋದ ಮೇಲೆ ಮಾತ್ರ ಬೇರೆ ಅನುಭವ. ಡಾಕ್ಟರು 35 ನಿಮಿಷ ನಮ್ಮ ಜೊತೆ ಕೂತರು. ಮೊದಲ ಪ್ರಶ್ನೆಯೇ, ಎದ್ದ ಮೇಲೆ ಎಷ್ಟು ಹೊತ್ತಿಗೆ ನಿಮ್ಮ ಮೈ ನಿಮ್ಮದಾಗುತ್ತೆ ಅಮ್ಮ, ಅಂತ. ಅಮ್ಮ ಅಳಲು ಶುರು ಮಾಡಿದರು. ಮೂರು ತಿಂಗಳಲ್ಲಿ ಅದನ್ನು ಕೇಳಿದವರು ಇವರೇ ಮೊದಲು. ಆಮೇಲೆ ಬೇರೆ ಪ್ರಶ್ನೆಗಳು. ಅಗಿಯುವಾಗ ದವಡೆ ನೋಯುತ್ತಾ? ಬಾಚುವಾಗ ತಲೆಯ ಚರ್ಮ ಉರಿಯುತ್ತಾ? ಕಣ್ಣು ಮಂಜಾಗುವುದು, ಒಂದು ಎರಡಾಗಿ ಕಾಣುವುದು ಇದೆಯಾ? ಎರಡೂ ಕಣತಗಳನ್ನು ಬೆರಳಿನಿಂದ ಮುಟ್ಟಿ ನಾಡಿ ನೋಡಿದರು. ಬಿಪಿ ಎರಡೂ ಕೈಗಳಲ್ಲಿ ನೋಡಿದರು. ಹಳ್ಳಿ ಔಷಧಿ, ಪುಡಿ ಏನಾದರೂ ತಗೊಂಡಿದ್ದೀರಾ ಎಂದು ಬೈಯದೆ ಕೇಳಿದರು. ಪಕ್ಕದ ಮನೆಯವರು ತಂದುಕೊಟ್ಟಿದ್ದ ಒಂದು ಪುಡಿ ಹದಿನೈದು ದಿನ ನುಂಗಿದ್ದರು, ಹೇಳಿದೆವು. ಇಂಥ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ, ಎಷ್ಟು ಅಂತ ಗೊತ್ತಾಗುವುದಿಲ್ಲ, ಅದಕ್ಕೆ ಕೇಳಿದೆ ಅಂದರು.

ರಕ್ತ ಪರೀಕ್ಷೆಗಳ ಪಟ್ಟಿ ಉದ್ದ ಇತ್ತು. ಮೊದಲು ನನಗೂ, ದುಡ್ಡು ಕೀಳುತ್ತಿದ್ದಾರಾ ಅನ್ನಿಸಿತು. ಒಂದೊಂದೂ ಯಾಕೆ ಎಂದು ಬಿಡಿಸಿ ಹೇಳಿದರು. ಥೈರಾಯ್ಡ್ ಕಡಿಮೆಯಾದರೂ ಹೀಗೆ ನೋಯಬಹುದು, ಕೊಲೆಸ್ಟರಾಲ್ ಮಾತ್ರೆಯಿಂದ ಸ್ನಾಯು ನೋಯಬಹುದು, ವಿಟಮಿನ್ ಡಿ ಕೊರತೆ ಇರಬಹುದು, ಇಳಿವಯಸ್ಸಿನಲ್ಲಿ ಬರುವ ರುಮಟಾಯ್ಡ್ ಸಂಧಿವಾತ ಇರಬಹುದು, ಮೂಳೆ ಮಜ್ಜೆಯ ಕ್ಯಾನ್ಸರ್ ಕೂಡ ಇಎಸ್‌ಆರ್ ಏರಿಸುತ್ತದೆ. ಇವೆಲ್ಲ ಅಲ್ಲ ಅಂತ ಆದ ಮೇಲೆ ಉಳಿದದ್ದು ಪಾಲಿಮಯಾಲ್ಜಿಯಾ ರುಮ್ಯಾಟಿಕಾ, ಉರಿಯೂತದಿಂದ ಹೆಗಲು, ಸೊಂಟ, ತೊಡೆ ಹಿಡಿದುಕೊಳ್ಳುವ ಕಾಯಿಲೆ. 50 ದಾಟಿದ ಮೇಲೆ ಮಾತ್ರ ಬರುವ ಕಾಯಿಲೆ, ಜಾಸ್ತಿ ಬರುವುದು ಎಪ್ಪತ್ತರ ಆಸುಪಾಸಿನಲ್ಲಿ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಉತ್ತರ ಯುರೋಪಿನ ಕಡೆ ಸಾಮಾನ್ಯವಂತೆ. ನಮ್ಮಲ್ಲಿ ಅಪರೂಪ, ಹಾಗಾಗಿ ತಕ್ಷಣ ಯಾರ ತಲೆಗೂ ಹೊಳೆಯುವುದಿಲ್ಲ.

ಔಷಧಿ ಪ್ರೆಡ್ನಿಸೊಲೋನ್, ದಿನಕ್ಕೆ 15 ಮಿಲಿಗ್ರಾಂ, ಬೆಳಿಗ್ಗೆ ತಿಂಡಿ ಆದ ಮೇಲೆ. ಸ್ಟಿರಾಯ್ಡ್ ಅಂದ ಕೂಡಲೇ ನನ್ನ ಮುಖ ಇಳಿದಿರಬೇಕು. ಆದರೆ ಮೂರನೇ ದಿನ ಬೆಳಿಗ್ಗೆ ಆರೂವರೆಗೆ ಅಡುಗೆಮನೆಯಲ್ಲಿ ಸದ್ದಾಯಿತು. ಎದ್ದು ನೋಡಿದರೆ ಅಮ್ಮ ಕಾಫಿ ಸೋಸುತ್ತಿದ್ದಾರೆ. ಮೇಲಿನ ಶೆಲ್ಫಿನಿಂದ ಡಬ್ಬಿಯನ್ನು ತಾವೇ ಇಳಿಸಿಕೊಂಡಿದ್ದರು. ಆಮೇಲೆ ಓದಿ ತಿಳಿದೆ, 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎನ್ನುವ ಡಾಕ್ಟರು ರುಮಟಾಯ್ಡ್ ಸಂಧಿವಾತದಿಂದ ಹಾಸಿಗೆ ಹಿಡಿದ ಹೆಂಗಸೊಬ್ಬಳಿಗೆ ಮೊದಲ ಬಾರಿ ಕಾರ್ಟಿಸೋನ್ ಎಂಬ ಇದೇ ಜಾತಿಯ ಸ್ಟಿರಾಯ್ಡ್ ಕೊಟ್ಟರು, ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಅವರಿಗೆ, ಇನ್ನಿಬ್ಬರಿಗೆ ಸೇರಿಸಿ ನೊಬೆಲ್ ಬಂತು. ಆ ಔಷಧಿಯ ಅಡ್ಡ ಪರಿಣಾಮಗಳು ಜನಕ್ಕೆ ಅರಿವಾದದ್ದು ಆಮೇಲೆ. ನಮ್ಮ ಮನೆಯಲ್ಲೂ ಅದೇ ಕ್ರಮದಲ್ಲಿ ನಡೆಯಿತು ಅನ್ನಿ.

ಕ್ಲಿನಿಕ್ ಬಗ್ಗೆ ನನ್ನ ಮುಖ್ಯ ಮಾತು ಇಲ್ಲಿದೆ. ಸ್ಟಿರಾಯ್ಡ್ ಬರೆಯುವುದು ಕಷ್ಟ ಅಲ್ಲ. ಅದನ್ನು ಇಳಿಸುವುದೇ ಕಷ್ಟ. ಎರಡು ತಿಂಗಳಲ್ಲಿ 10ಕ್ಕೆ ತರಬೇಕು, ಅಲ್ಲಿಂದ ತಿಂಗಳಿಗೆ 1 ಮಿಲಿಗ್ರಾಂ ಮಾತ್ರ ಇಳಿಸಬೇಕು, ಬೇಗ ಇಳಿಸಿದರೆ ನೋವು ಹಿಂದಿರುಗುತ್ತದೆ, ಒಂದೇ ಸಲ ನಿಲ್ಲಿಸಿದರೆ ಇನ್ನೂ ಅಪಾಯ. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿದ್ದರೆ ಮೈ ತನ್ನದನ್ನು ತಯಾರಿಸುವುದನ್ನು ಮರೆತಿರುತ್ತದೆ. ಒಟ್ಟು ಒಂದೆರಡು ವರ್ಷದ ದಾರಿ, ಕೆಲವರಿಗೆ ಇನ್ನೂ ಜಾಸ್ತಿ. ಈ ಇಡೀ ದಾರಿಯನ್ನು ಇಲ್ಲಿನ ನರ್ಸ್ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಯಾವ ತಾರೀಖಿನಿಂದ ಎಷ್ಟು, 5ರ ಮಾತ್ರೆ ಎಷ್ಟು, 1ರ ಮಾತ್ರೆ ಎಷ್ಟು. ಆ ಹಾಳೆ ನಮ್ಮ ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ಅಂಟಿಕೊಂಡಿತು. ಅಮ್ಮ ತಾವೇ ದಿನಾ ಗೀಟು ಹಾಕುತ್ತಿದ್ದರು. ಪರ್ಸಿನಲ್ಲಿಡಲು ಇನ್ನೊಂದು ಚೀಟಿ, ಇವರು ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದಾರೆ, ನಿಲ್ಲಿಸಬಾರದು ಅಂತ. ಎಲ್ಲಾದರೂ ಬಿದ್ದರೆ, ಆಪರೇಷನ್ ಆಗಬೇಕಾದರೆ, ಬೇರೆ ಡಾಕ್ಟರಿಗೆ ತೋರಿಸಲು.

ಉಪವಾಸ ಮಾಡ್ತೀರಾ ಎಂದು ಕೇಳಿದ್ದು ನನಗೆ ತುಂಬ ಹಿಡಿಸಿತು. ಅಮ್ಮನದು ಸೋಮವಾರ ಒಪ್ಪತ್ತು, ಬೆಳಿಗ್ಗೆ ಏನೂ ತಿನ್ನುವುದಿಲ್ಲ. ಅವರು ಬಿಡಿ ಅನ್ನಲಿಲ್ಲ. ಬಾಳೆಹಣ್ಣು, ಹಾಲು ಆಗುತ್ತಲ್ಲ, ಅದರ ಮೇಲೆ ಮಾತ್ರೆ ತಗೊಳ್ಳಿ, ಮಾತ್ರೆ ಮಾತ್ರ ತಪ್ಪಿಸಬೇಡಿ ಅಂದರು. ಅದನ್ನು ಕೇಳದೇ ಇದ್ದಿದ್ದರೆ ಅಮ್ಮ ವಾರಕ್ಕೊಂದು ದಿನ ಸದ್ದಿಲ್ಲದೆ ಬಿಟ್ಟುಬಿಡುತ್ತಿದ್ದರು, ನಮಗೆ ಗೊತ್ತೂ ಆಗುತ್ತಿರಲಿಲ್ಲ.

ಇನ್ನೊಂದು ಮಾತನ್ನು ಪ್ರತಿ ಭೇಟಿಯಲ್ಲೂ ಹೇಳುತ್ತಿದ್ದರು. ಈ ಕಾಯಿಲೆಗೆ ಒಂದು ಅಕ್ಕ ಇದ್ದಾಳೆ, ಜೈಂಟ್ ಸೆಲ್ ಆರ್ಟರೈಟಿಸ್ ಅಂತ, ರಕ್ತನಾಳದ ಗೋಡೆ ಊದಿಕೊಳ್ಳುವ ಕಾಯಿಲೆ. ಪಾಲಿಮಯಾಲ್ಜಿಯಾ ಇರುವ ಕೆಲವರಿಗೆ ಇದೂ ಬರುತ್ತದೆ. ಕಣ್ಣಿಗೆ ಹೋಗುವ ನಾಳ ಮುಚ್ಚಿದರೆ ಹೋದ ದೃಷ್ಟಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಹೊಸದಾಗಿ ತಲೆನೋವು, ದವಡೆ ನೋವು, ಕಣ್ಣಿನ ತೊಂದರೆ, ಇವುಗಳಲ್ಲಿ ಯಾವುದು ಬಂದರೂ ನಾಳೆ ಅನ್ನಬೇಡಿ, ಅವತ್ತೇ ಫೋನ್ ಮಾಡಿ, ನಾವು ಸಿಗದಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.

ಐದೂವರೆ ತಿಂಗಳ ಮೇಲೆ, ಡೋಸ್ 7ಕ್ಕೆ ಇಳಿದಿದ್ದಾಗ, ಅಮ್ಮ ಕೊಬ್ಬರಿ ಬೆಲ್ಲ ತಿನ್ನುತ್ತಾ ಅರ್ಧಕ್ಕೆ ನಿಲ್ಲಿಸಿದರು. ದವಡೆ ಸೋತುಹೋಗುತ್ತೆ ಕಣೇ, ಸ್ವಲ್ಪ ಹೊತ್ತು ಬಿಟ್ಟರೆ ಸರಿ, ಮತ್ತೆ ಅಗಿದರೆ ಮತ್ತೆ ನೋವು ಅಂದರು. ತಿಪಟೂರಿನವರಿಗೆ ಕೊಬ್ಬರಿ ಅಗಿಯಲು ಆಗುವುದಿಲ್ಲ ಅಂದರೆ! ಹಲ್ಲು ನೋವಿರಬಹುದು ಅಂತ ನಾನು ಅಂದುಕೊಳ್ಳುವಷ್ಟರಲ್ಲಿ, ಎರಡು ದಿನದಿಂದ ಬಲಗಡೆ ಕಣತ ಸಿಡಿಯುತ್ತಿದೆ, ದಿಂಬಿಗೆ ತಲೆ ಇಡಲು ಆಗುತ್ತಿಲ್ಲ ಎಂದೂ ಹೇಳಿದರು. ಬೆಳಿಗ್ಗೆ ಒಂಬತ್ತೂವರೆಗೆ ಕ್ಲಿನಿಕ್‌ಗೆ ಫೋನ್ ಮಾಡಿದೆ. ನರ್ಸ್ ಕೇಳಿಸಿಕೊಂಡರು, ಲೈನಿನಲ್ಲೇ ಇರಿ ಅಂದರು, ಡಾಕ್ಟರನ್ನು ಇನ್ನೊಬ್ಬ ಪೇಷಂಟ್ ಮಧ್ಯದಿಂದ ಎಬ್ಬಿಸಿ ಫೋನ್ ಕೊಟ್ಟರು. ಮನೆಯಲ್ಲಿ 10ರ ಮಾತ್ರೆ ಉಳಿದಿದೆಯಾ, ಈಗಲೇ ನಾಲ್ಕು ನುಂಗಿಸಿ, ಕಾರು ಮಾಡಿಕೊಂಡು ಹೊರಡಿ ಅಂದರು. ನಾವು ಎರಡು ಗಂಟೆಗೆ ಅಲ್ಲಿದ್ದೆವು. ಆ ದಿನ ಟೋಕನ್ ಇಲ್ಲ, ಕಾಯುವುದಿಲ್ಲ, ಮೆಟ್ಟಿಲ ಕೆಳಗೆ ಇಬ್ಬರು ಬಂದು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು.

ಕಣತದ ನಾಳಕ್ಕೆ ಅಲ್ಟ್ರಾಸೌಂಡ್ ಮಾಡಿದರು. ಪರದೆಯಲ್ಲಿ ನಾಳದ ಸುತ್ತ ಕಪ್ಪು ಬಳೆಯ ಹಾಗೆ ಕಾಣಿಸಿತು, ಅದು ಊದಿದ ಗೋಡೆ. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಕಣ್ಣು ಚೆನ್ನಾಗಿತ್ತು. ಎರಡು ದಿನದ ಮೇಲೆ ಹತ್ತಿರದ ಆಸ್ಪತ್ರೆಯಲ್ಲಿ ಬಯಾಪ್ಸಿ, ಅಂದರೆ ನಾಳದ ಚೂರು ತೆಗೆದು ಪರೀಕ್ಷಿಸುವುದು, ಕೂದಲಂಚಿನಲ್ಲಿ ಸಣ್ಣ ಗಾಯ, ಬರೀ ಆ ಜಾಗಕ್ಕೆ ಮರಗಟ್ಟಿಸಿ ಮಾಡಿದರು. ಔಷಧಿ ಆಗಲೇ ಶುರುವಾಗಿದೆಯಲ್ಲ, ಬಯಾಪ್ಸಿಯಲ್ಲಿ ಗೊತ್ತಾಗುತ್ತದಾ ಎಂದು ಕೇಳಿದೆ. ಒಂದೆರಡು ವಾರದವರೆಗೂ ಗುರುತು ಉಳಿದಿರುತ್ತದೆ, ಬಯಾಪ್ಸಿಗೆ ಕಾಯುತ್ತಾ ಔಷಧಿ ತಡ ಮಾಡಿದರೆ ಕಣ್ಣು ಹೋಗಬಹುದು ಅಂದರು. ರಿಪೋರ್ಟ್‌ನಲ್ಲಿ ಜೈಂಟ್ ಸೆಲ್ ಆರ್ಟರೈಟಿಸ್ ಎಂದೇ ಬಂತು. ಅವತ್ತು ಫೋನ್ ಎತ್ತದೇ ಇದ್ದಿದ್ದರೆ, ಸಂಜೆ ಮಾಡಿ ಅಂದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಅಮ್ಮ ಇವತ್ತಿಗೂ ಸೂಜಿಗೆ ದಾರ ತಾವೇ ಪೋಣಿಸುತ್ತಾರೆ.

ಆಮೇಲಿನ ಮೂರು ತಿಂಗಳು ಸುಲಭವಾಗಿರಲಿಲ್ಲ. 40 ಮಿಲಿಗ್ರಾಂ ಅಂದರೆ ಮುಖ ಊದಿತು, ನಿದ್ದೆ ಹೋಯಿತು, ಸಣ್ಣ ಮಾತಿಗೂ ರೇಗುತ್ತಿದ್ದರು, ರಾತ್ರಿ ಹನ್ನೆರಡಕ್ಕೆ ಪಾತ್ರೆ ಜೋಡಿಸುತ್ತಿದ್ದರು. ಅಮ್ಮನ ಸ್ವಭಾವ ಬದಲಾಯಿತೇನೋ ಎಂದು ಅಪ್ಪ ಹೆದರಿಕೊಂಡರು. ಅದು ಔಷಧಿಯಿಂದ, ಡೋಸ್ ಇಳಿದಂತೆ ಇಳಿಯುತ್ತದೆ ಎಂದು ನರ್ಸ್ ಅಪ್ಪನಿಗೇ ಫೋನಿನಲ್ಲಿ ಹತ್ತು ನಿಮಿಷ ಹೇಳಿದರು. ಸಕ್ಕರೆಯೂ ಏರಿತು. ನಮ್ಮೂರ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ರಕ್ತ ಕೊಟ್ಟು, ನಾರ್ಮಲ್ ಬಂತು ಅಂತ ನಾವು ಖುಷಿಯಾಗಿದ್ದೆವು. ಬೆಳಿಗ್ಗೆ ಪ್ರೆಡ್ನಿಸೊಲೋನ್ ತಗೊಂಡವರಿಗೆ ಸಕ್ಕರೆ ಏರುವುದು ಮಧ್ಯಾಹ್ನದ ಮೇಲೆ, ಊಟ ಆದ ಎರಡು ಗಂಟೆಗೆ ನೋಡಿ ಅಂದರು. 260 ಇತ್ತು! ಇದನ್ನು ಸ್ಟಿರಾಯ್ಡ್ ತಗೊಳ್ಳುವವರ ಮನೆಯವರು ದಯವಿಟ್ಟು ನೆನಪಿಟ್ಟುಕೊಳ್ಳಿ.

ಸ್ಟಿರಾಯ್ಡ್‌ನಿಂದ ಮೂಳೆ ಸವೆಯುತ್ತದೆ, ಅದಕ್ಕೆ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್, ಕ್ಯಾಲ್ಸಿಯಂ, ವಿಟಮಿನ್ ಡಿ, ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಮೊದಲೇ ಶುರು ಮಾಡಿದ್ದರು. ಅದನ್ನು ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟ ತುಂಬ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆ ಮಲಗಬಾರದು, ಕಾಫಿಯೂ ಇಲ್ಲ. ಎದ್ದ ಕೂಡಲೇ ಕಾಫಿ ಬೇಕು ಅನ್ನುವ ಅಮ್ಮನಿಗೆ ಗುರುವಾರ ಬೆಳಿಗ್ಗೆ ದೊಡ್ಡ ವ್ರತದ ಹಾಗೆ ಆಯಿತು.

ಟೊಸಿಲಿಜುಮ್ಯಾಬ್ ಎಂಬ ಇಂಜೆಕ್ಷನ್ ಬಗ್ಗೆಯೂ ಹೇಳಿದರು. ಜೈಂಟ್ ಸೆಲ್ ಆರ್ಟರೈಟಿಸ್‌ಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿದೆ, ಸ್ಟಿರಾಯ್ಡ್ ಬೇಗ ಇಳಿಸಲು ಚೆನ್ನಾಗಿ ಸಹಾಯ ಮಾಡುತ್ತದೆ, ಆದರೆ ದುಬಾರಿ, ಶುರು ಮಾಡುವ ಮೊದಲು ಒಳಗೆ ಕ್ಷಯ ಅಡಗಿದೆಯಾ ಎಂದು ನೋಡಬೇಕು. ಒತ್ತಾಯ ಮಾಡಲಿಲ್ಲ. ನಮ್ಮ ಕೈಲಿ ಎಷ್ಟಾಗುತ್ತದೆ ಎಂದು ನೇರವಾಗಿ ಕೇಳಿ, ಮೆಥೊಟ್ರೆಕ್ಸೇಟ್ ಪ್ರಯತ್ನಿಸೋಣ, ಅಷ್ಟು ಬಲ ಇಲ್ಲ, ಆದರೂ ಕೆಲವರಿಗೆ ಆಗುತ್ತದೆ ಅಂದರು. ದುಡ್ಡಿನ ಮಾತನ್ನು ಹೀಗೆ ಮರ್ಯಾದೆಯಿಂದ ಆಡುವ ಡಾಕ್ಟರು ಎಷ್ಟು ಜನ ಸಿಗುತ್ತಾರೆ ಹೇಳಿ.

ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನಾ ನುಂಗಿದರೆ ರಕ್ತಕಣಗಳು ಕುಸಿದು ಜೀವವೇ ಹೋಗಬಹುದು, ಕಿಡ್ನಿ ಸೋತ ವಯಸ್ಸಾದವರಿಗೆ ಇನ್ನೂ ಅಪಾಯ. ಚೀಟಿಯಲ್ಲಿ ಕನ್ನಡದಲ್ಲಿ ಭಾನುವಾರ ಮಾತ್ರ ಎಂದು ಬರೆದು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಅಷ್ಟಾದರೂ ಒಂದು ಮೆಡಿಕಲ್ ಸ್ಟೋರ್‌ನವರು ಕವರಿನ ಮೇಲೆ ಬೆಳಿಗ್ಗೆ ಒಂದು ಅಂತ ಗೀಚಿ ಕೊಟ್ಟರು, ದಿನಾ ಅನ್ನುವ ಅರ್ಥದಲ್ಲಿ. ಆ ಕೆಂಪು ಸುತ್ತು ಇಲ್ಲದಿದ್ದರೆ ಅಪ್ಪ ಕವರ್ ನೋಡಿಯೇ ಕೊಡುತ್ತಿದ್ದರು. ನರ್ಸ್‌ಗೆ ಹೇಳಿದ ಮೇಲೆ ಅವರು ಪ್ರತಿ ಸೋಮವಾರ ಒಂದು ಮೆಸೇಜ್ ಹಾಕುತ್ತಾರೆ, ನಿನ್ನೆಯ ಮಾತ್ರೆ ಆಯಿತಾ, ಇವತ್ತು ಫೋಲಿಕ್ ಆಸಿಡ್, ಅಂತ. ಅದು ಮೆಥೊಟ್ರೆಕ್ಸೇಟ್‌ನ ಅಡ್ಡ ಪರಿಣಾಮ ತಗ್ಗಿಸುವ ವಿಟಮಿನ್.

ಇನ್ನುಳಿದ ದೂರುಗಳು. ಸಂಜೆ ಏಳರ ಮೇಲೆ ಫೋನ್ ಎತ್ತುವುದಿಲ್ಲ, ಭಾನುವಾರವೂ ಇಲ್ಲ. ಮೊದಲ ದಿನವೇ ಹೇಳಿದ್ದರು ನಿಜ, ಆದರೂ ಇಂಥ ಕಾಯಿಲೆಗೆ ರಾತ್ರಿಯೂ ಒಂದು ನಂಬರ್ ಬೇಕು. ಅಲ್ಲಿನ ಔಷಧಿ ಅಂಗಡಿಯಲ್ಲಿ ಒಂದೇ ಕಂಪನಿಯ ಮಾತ್ರೆ ಇಡುತ್ತಾರೆ, ನಾವು ಪ್ರೆಡ್ನಿಸೊಲೋನನ್ನು ಜನೌಷಧಿಯಲ್ಲಿ ತಗೊಳ್ಳುತ್ತೇವೆ, ಡಾಕ್ಟರು ಬೇಡ ಅನ್ನಲಿಲ್ಲ. ಫೀಸ್ ಮೊದಲ ಸಲ 1,200, ಆಮೇಲೆ 800. ಡೋಸ್ ಇಳಿಸುವ ಭೇಟಿಗಳಲ್ಲಿ ಒಂದು ಬಿಟ್ಟು ಒಂದು ವಿಡಿಯೋದಲ್ಲಿ ಮಾಡುತ್ತಾರೆ, ರಕ್ತವನ್ನು ನಮ್ಮೂರಲ್ಲೇ ಕೊಟ್ಟು ರಿಪೋರ್ಟ್ ಕಳಿಸಿದರೆ ಸಾಕು. ತಿಪಟೂರಿನಿಂದ ರೈಲು ಹತ್ತಿ ಇಳಿಯುವ ಕಷ್ಟ ಅರ್ಧ ಕಡಿಮೆಯಾಯಿತು. ಆದರೆ ಮೊದಲ ಭೇಟಿಗೆ ವಿಡಿಯೋ ಬೇಡ. ಕಣತವನ್ನು ಬೆರಳಿನಿಂದ ಮುಟ್ಟಿ ನೋಡುವುದು ಫೋನಿನಲ್ಲಿ ಆಗುವುದಿಲ್ಲ.

ಹೊಸದಾಗಿ ಹೋಗುವವರು ಹಳೆಯ ರಿಪೋರ್ಟ್ ಎಲ್ಲ ತಗೊಂಡು ಹೋಗಿ, ನುಂಗುವ ಮಾತ್ರೆ, ಪುಡಿ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಹನ್ನೊಂದರ ಮೇಲಿನ ಟೋಕನ್ ಬೇಕೆಂದು ಫೋನಿನಲ್ಲಿ ಗಟ್ಟಿಯಾಗಿ ಕೇಳಿ, ಕೇಳಿದರೆ ಕೊಡುತ್ತಾರೆ, ಅದು ನನಗೆ ಗೊತ್ತಾಗಿದ್ದು ಐದನೇ ಭೇಟಿಯಲ್ಲಿ.

ಅಮ್ಮ ಈಗ 5 ಮಿಲಿಗ್ರಾಂನಲ್ಲಿದ್ದಾರೆ. ಇಎಸ್‌ಆರ್ 24. ಮುದ್ದೆ ತಿರುವುವುದನ್ನು ಮತ್ತೆ ಶುರು ಮಾಡಿದ್ದಾರೆ, ಸಣ್ಣ ಪಾತ್ರೆಯಲ್ಲಿ. ಹೋದ ತಿಂಗಳು ಹೋದಾಗ ಆ ತಗ್ಗಿನ ಸೋಫಾ ತೆಗೆದು, ಕೈ ಇರುವ ಎತ್ತರದ ಕುರ್ಚಿಗಳನ್ನು ಹಾಕಿದ್ದರು, ಅಮ್ಮ ಕೂತು ತಾವೇ ಎದ್ದರು. ಐದಕ್ಕೆ ನಾಲ್ಕು ಕೊಡುತ್ತಿದ್ದೇನೆ. ಮೆಟ್ಟಿಲಿಗೆ ಇನ್ನೊಂದು ಕಡೆಯೂ ಹಿಡಿಕೆ ಹಾಕಿಸುತ್ತೇವೆ ಅಂದಿದ್ದಾರೆ, ಹಾಕಿಸಿದ ಮೇಲೆ ಬಂದು ತಿದ್ದುತ್ತೇನೆ.